ಅದಿರು ಆಯೋ ಮೇಷ್ಟ್ರು, ಹೈಕು ಆಯೋ ಮೇಷ್ಟ್ರು

(ನಮ್ಮ ಓದುಗರ ಬಳಗದಲ್ಲಿ ಮಾತಾಡಿದ್ದು. ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದೀನಿ, ಮಾತಿನ ಧಾಟಿ ಹಾಗೇ ಬಿಟ್ಟಿದೀನಿ.)

ಎಲ್ರಿಗೂ ನಮಸ್ಕಾರ. ಇವತ್ತು ಯಾಮಾಗುಚಿ ಸೆಯ್ಸನ್ ಅನ್ನೋ ಜಪಾನಿ ಹೈಕು ಕವಿ ಬಗ್ಗೆ ಮಾತಾಡ್ತೀನಿ, ಹೈಕು ಅಂದ್ರೆ ಮೂರು ಸಾಲಿನ ಪುಟ್ಟ ಪದ್ಯ. ಮೊದಲು ಅವರದೊಂದು ಪದ್ಯ ಹೇಳ್ತೀನಿ, ಜಪಾನಿ ಭಾಷೇಲೇ ಹೇಳ್ತೀನಿ, ಅರ್ಥ ಆಮೇಲೆ. ಸುಮ್ನೆ ಸದ್ದು ಕೇಳಿ.

ಇಚೋ ಚಿರು
ಮತ್ತದನಕನಿ
ಹೋಕ ಅರಿ

ಅಷ್ಟೇ, ಮುಗೀತು. ಈಗ ನೀವು ಕನ್ನಡ ಮೇಷ್ಟ್ರು ಸ್ಕೂಲಲ್ಲಿ ಹೇಳ್ಕೊಟ್ಟಿದ್ದು ನೆನಪು ಮಾಡ್ಕೊಂಡು ಲಘು ಗುರು ಹಾಕಿ ನೋಡಿ. ಇ ಒಂದು, ಚೋ ದೀರ್ಘ ಆದ್ರಿಂದ ಎರಡು, ಚಿ ಒಂದು ರು ಒಂದು, ಐದು ಆಯ್ತು. ಎರಡನೇ ಸಾಲಲ್ಲಿ ಮ ಆದ್ಮೇಲೆ ಒತ್ತಕ್ಷರ ಇದೆ, ಹಾಗಾಗಿ ಮ ಗುರು, ಎರಡು ಮಾತ್ರೆ, ಉಳಿದಿದ್ದು ಒಂದೊಂದು, ಒಟ್ಟು ಏಳು. ಕೊನೇ ಸಾಲು ಮತ್ತೆ ಐದು. ನಾವು ಕನ್ನಡದಲ್ಲಿ ಹೈಕು ಬರೀವಾಗ ಸಾಮಾನ್ಯವಾಗಿ 5-7-5 ಅಕ್ಷರ ಎಣಿಸ್ತೀವಿ, ಆದ್ರೆ ಜಪಾನಿನೋರು ಎಣಿಸೋದು ನಮ್ಮ ಮಾತ್ರೆಗೇ ಹತ್ರ, ಅವರಿಗೂ ದೀರ್ಘ ಬಂದ್ರೆ ಎರಡು, ಒತ್ತು ಬಂದ್ರೆ ಅದಕ್ಕೂ ಒಂದು ಲೆಕ್ಕ. ನನಗೆ ಇದು ಗೊತ್ತಾದ ದಿನ ಎಷ್ಟು ಖುಷಿ ಆಯ್ತು ಅಂದ್ರೆ ರಾತ್ರಿ ಕೂತ್ಕೊಂಡು ಸಿಕ್ಕ ಸಿಕ್ಕ ಜಪಾನಿ ಪದ್ಯಕ್ಕೆಲ್ಲ ಪ್ರಸ್ತಾರ ಹಾಕಿದ್ದೆ.

ಅರ್ಥ ಏನಪ್ಪಾ ಅಂದ್ರೆ, ಗಿಂಕ್ಗೋ ಎಲೆ ಉದುರ್ತಾ ಇದೆ, ಅದರ ನಟ್ಟನಡುವೆ ಕಾನೂನು ವಿಭಾಗ ಇದೆ. ಟೋಕಿಯೊ ಯೂನಿವರ್ಸಿಟಿ ನೋಡಿದೋರಿಗೆ ಇದು ತಕ್ಷಣ ಕಣ್ಮುಂದೆ ಬರತ್ತೆ, ಮೇನ್ ಗೇಟಿಂದ ಒಳಗೆ ಹೋದ್ರೆ ಎರಡೂ ಕಡೆ ಗಿಂಕ್ಗೋ ಮರದ ಸಾಲು, ಶರತ್ಕಾಲ ಮುಗಿಯೋ ಹೊತ್ತಿಗೆ ನೆಲ ಎಲ್ಲ ಹಳದಿ. ಆ ದೇಶದಲ್ಲಿ ಅಲ್ಲಿನ ಕಾನೂನು ವಿಭಾಗ ಅಂದ್ರೆ ಮಂತ್ರಿಗಳು, ದೊಡ್ಡ ದೊಡ್ಡ ಅಧಿಕಾರಿಗಳು ತಯಾರಾಗಿ ಬರೋ ಜಾಗ. ಅಂಥಾ ಗತ್ತಿನ ಕಟ್ಟಡ ಎಲೆ ಉದುರೋದರ ಮಧ್ಯೆ ಸುಮ್ನೆ ನಿಂತಿದೆ. ಚೆನ್ನಾಗಿದೆ ಅಂತಾಗ್ಲಿ ದುಃಖ ಅಂತಾಗ್ಲಿ ಒಂದು ಮಾತಿಲ್ಲ, ‘ಇದೆ’ ಅಂತಾರೆ ಅಷ್ಟೇ.

ಇದನ್ನ ಬರೆದೋರು ಅದೇ ಕ್ಯಾಂಪಸ್ಸಿನ ಇಂಜಿನಿಯರಿಂಗ್ ಮೇಷ್ಟ್ರು. ಯಾಮಾಗುಚಿ ಸೆಯ್ಸನ್. ಗಣಿ ಇಂಜಿನಿಯರ್.

ಯಾಕೆ ಇವರ ಬಗ್ಗೆ ಮಾತಾಡ್ತಿದೀನಿ ಅಂದ್ರೆ ನಾನೂ 22 ವರ್ಷ ಅದಿರು ತೊಳೆಯೋ ಪ್ಲಾಂಟಲ್ಲಿ ಕೆಲಸ ಮಾಡ್ದೋನು, ನೈಟ್ ಶಿಫ್ಟಲ್ಲಿ ಸ್ಯಾಂಪಲ್ ಒಣಗೋವರೆಗೂ ಕಾಯ್ತಾ ಕವಿತೆ ಓದ್ತಿದ್ದೋನು. ಯಾರಿಗಾದ್ರೂ ಹೇಳಿದ್ರೆ ‘ಅದಕ್ಕೂ ಇದಕ್ಕೂ ಏನ್ ಸಂಬಂಧ’ ಅನ್ನೋರು. ಸೆಯ್ಸನ್ ಬಗ್ಗೆ ಓದಿದ್ಮೇಲೆ ಆ ಪ್ರಶ್ನೆಗೆ ನನಗೊಂದು ಉತ್ತರ ಸಿಕ್ತು, ಅದನ್ನ ಹೇಳೋಕೇ ಬಂದಿರೋದು.

ಇವರು ಹುಟ್ಟಿದ್ದು 1892ರಲ್ಲಿ, ಮೊರಿಯೋಕಾ ಊರಲ್ಲಿ, ಇವಾತೆ ಪ್ರಾಂತ್ಯ, ಜಪಾನಿನ ಈಶಾನ್ಯ. ಸಿಕ್ಕಾಪಟ್ಟೆ ಹಿಮ ಬೀಳೋ ಕಡೆ. ನಿಜವಾದ ಹೆಸರು ಕಿಚಿರೊ, ಸೆಯ್ಸನ್ ಅನ್ನೋದು ಹೈಕುಗೆ ಇಟ್ಕೊಂಡ ಹೆಸರು, ಅದರ ಅಕ್ಷರಗಳಿಗೆ ಹಸಿರು ಹಳ್ಳಿ ಅಂತ ಅರ್ಥ ಬರತ್ತೆ. ಚಿಕ್ಕ ವಯಸ್ಸಲ್ಲೇ ತಾಯಿ ತೀರ್ಕೊಂಡ್ರು, ಬೆಳೆದಿದ್ದು ಸೋದರಮಾವನ ಮನೇಲಿ. ಓದಿದ್ದು ಮೊರಿಯೋಕಾ ಮಿಡಲ್ ಸ್ಕೂಲು, ಆ ಸ್ಕೂಲಿನ ಬಗ್ಗೆ ಒಂದ್ಮಾತು ಹೇಳ್ಲೇಬೇಕು, ಇವರಿಗಿಂತ ಮುಂಚೆ ಅಲ್ಲಿ ಇಶಿಕಾವಾ ತಾಕುಬೊಕು ಓದಿದ್ರು, ತಾಂಕಾ ಅನ್ನೋ ಇನ್ನೊಂದು ಥರದ ಸಣ್ಣ ಪದ್ಯದ ಕವಿ, 26 ವರ್ಷಕ್ಕೇ ಹೋಗ್ಬಿಟ್ರು, ಆಮೇಲೆ ಮಿಯಾಝಾವಾ ಕೆಂಜಿ ಓದಿದ್ರು, ಅವರೂ ಕವಿ, ಅವರು ಮಣ್ಣಿನ ವಿಜ್ಞಾನ ಓದಿದೋರು, ಕಲ್ಲು ಅಂದ್ರೆ ಪ್ರಾಣ. ಕಲ್ಲು ಮಣ್ಣು ಓದಿದೋರು ಪದ್ಯ ಬರೆಯೋದು ಆ ಊರಿಗೆ ಹೊಸದೇನಲ್ಲ ಅನ್ಸತ್ತೆ.

ಆಮೇಲೆ ಟೋಕಿಯೊ ಇಂಪೀರಿಯಲ್ ಯೂನಿವರ್ಸಿಟಿಲಿ ಗಣಿಗಾರಿಕೆ ಓದಿ ಫುರುಕಾವಾ ಗಣಿ ಕಂಪನಿ ಸೇರಿದ್ರು. ಫುರುಕಾವಾ ಅಂದ್ರೆ ಅಶಿಯೊ ತಾಮ್ರದ ಗಣಿ ನಡೆಸ್ತಿದ್ದ ಕಂಪನಿ, ಆ ಗಣಿಯ ವಿಷ ವಾತಾರಾಸೆ ನದಿಗೆ ಸೇರಿ ಕೆಳಗಿನ ಊರುಗಳ ಗದ್ದೆ ಎಲ್ಲ ಹಾಳಾಗಿ, 1901ರಲ್ಲಿ ತನಾಕಾ ಶೋಝೊ ಅನ್ನೋರು ಚಕ್ರವರ್ತಿಯ ಗಾಡಿಗೇ ಅಡ್ಡ ಹೋಗಿ ಅರ್ಜಿ ಕೊಡೋಕೆ ನೋಡಿದ್ರು. ಗಣಿ ಓದೋ ಹುಡುಗರಿಗೆ ಅದು ಗೊತ್ತಿಲ್ದೆ ಇರೋ ವಿಷಯ ಅಲ್ಲ. ಅಲ್ಲಿಂದ ಸರ್ಕಾರಿ ಇಲಾಖೆ, ಅಲ್ಲಿಂದ 1921ಕ್ಕೆ ತಾನು ಓದಿದ ಯೂನಿವರ್ಸಿಟಿಗೇ ವಾಪಸ್ಸು, ಪಾಠ ಮಾಡೋಕೆ. 1939ಕ್ಕೆ ಪ್ರೊಫೆಸರ್, 1953ಕ್ಕೆ ರಿಟೈರು.

ಪಾಠ ಮಾಡ್ತಿದ್ದ ವಿಷಯ ಏನು? ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗ್ತೀನಿ, ನನ್ನ ಇಷ್ಟದ ಜಾಗ ಇದು.

ಗಣಿಯಿಂದ ಬರೋ ಕಲ್ಲೆಲ್ಲ ಲೋಹ ಅಲ್ಲ. ತಾಮ್ರದ ಅದಿರು ಅಂದ್ರೆ ನೂರು ಕೆಜಿ ಕಲ್ಲಲ್ಲಿ ಎಷ್ಟೋ ಕಡೆ ಒಂದೆರಡು ಕೆಜಿ ತಾಮ್ರ, ಉಳಿದಿದ್ದು ಬೇಡದ ಕಲ್ಲು. ಅದನ್ನ ಹಾಗೇ ಕುಲುಮೆಗೆ ಹಾಕೋಕಾಗಲ್ಲ, ಮೊದಲು ಬೇಕಾದ್ದು ಬೇಡದ್ದು ಬೇರೆ ಮಾಡ್ಬೇಕು. ನಮ್ಮಜ್ಜಿ ಮೊರದಲ್ಲಿ ರಾಗಿ ಕೇರೋರು, ಅಕ್ಕಿ ಆಯೋರು, ಆಮೇಲೆ ನೀರಲ್ಲಿ ಜಾಲಿಸಿ ಜಾಲಿಸಿ ಕಲ್ಲು ತಳಕ್ಕೆ ಬಿಡೋರು. ಹಗುರ ಇದ್ದಿದ್ದು ಗಾಳಿಗೆ ಹೋಗತ್ತೆ, ಭಾರ ಇದ್ದಿದ್ದು ಕೆಳಗೆ ಕೂರತ್ತೆ. ನಮ್ಮ ಪ್ಲಾಂಟಲ್ಲಿ ಕೋಟ್ಯಂತರ ರೂಪಾಯಿ ಮಿಷಿನ್ನುಗಳು ಮಾಡೋದೂ ಅದೇ ಕೆಲಸ. ಅದರಲ್ಲೊಂದು ಫ್ಲೋಟೇಶನ್ ಅಂತ ಇದೆ, ಅದಂತೂ ನೋಡೋಕೇ ಚೆಂದ, ಅದಿರನ್ನ ಹಿಟ್ಟಿನ ಥರ ಅರೆದು ನೀರಿಗೆ ಹಾಕಿ ಸ್ವಲ್ಪ ಎಣ್ಣೆ, ಕೆಮಿಕಲ್ಲು ಸೇರಿಸಿ ಕೆಳಗಿಂದ ಗಾಳಿ ಬಿಟ್ರೆ, ಕೆಸುವಿನ ಎಲೆಗೆ ನೀರು ಅಂಟಲ್ವಲ್ಲ ಹಾಗೆ ನೀರಿಗೆ ಅಂಟದ ಲೋಹದ ಕಣ ಎಲ್ಲ ಗುಳ್ಳೆಗೆ ಅಂಟ್ಕೊಂಡು ಮೇಲಕ್ಕೆ ಬಂದು ನೊರೆ ಆಗಿ ಹೊಳೀತಾ ನಿಲ್ಲತ್ತೆ, ಬೇಡದ ಕಲ್ಲಿನ ಪುಡಿ ನೆನೆದು ಕೆಳಗೇ ಉಳಿಯತ್ತೆ. ಭಾರದ ಲೋಹ ತೇಲತ್ತೆ, ಹಗುರದ ಕಲ್ಲು ಮುಳುಗತ್ತೆ! ಮೊದಲ ಸಲ ನೋಡಿದಾಗ ನಾನು ಅರ್ಧ ಗಂಟೆ ಅಲ್ಲೇ ನಿಂತಿದ್ದೆ.

ಈ ಶಾಸ್ತ್ರಕ್ಕೆ ಜಪಾನಿಯಲ್ಲಿ ‘ಸೆನ್‌ಕೋ’ ಅಂತಾರೆ. ಕೋ ಅಂದ್ರೆ ಅದಿರು, ಸೆನ್ ಅಂದ್ರೆ ಆಯ್ಕೆ. ಅದಿರು ಆಯೋದು. ಸೆಯ್ಸನ್ ಪಾಠ ಮಾಡಿದ್ದು ಇದನ್ನ.

ಈಗ ಹೈಕು ಕಡೆ ಬನ್ನಿ. ಜಪಾನಲ್ಲಿ ಹೈಕು ಪತ್ರಿಕೆ ನಡೆಯೋ ರೀತಿ ಹೇಗೆ ಅಂದ್ರೆ, ಓದುಗರೆಲ್ಲ ತಾವು ಬರೆದ ಪದ್ಯ ಕಳಿಸ್ತಾರೆ, ರಾಶಿ ರಾಶಿ ಬರತ್ತೆ, ಅದರ ಮುಖ್ಯಸ್ಥರು ಕೂತ್ಕೊಂಡು ಒಂದೊಂದೇ ನೋಡಿ ಆಯ್ದು ಪ್ರಿಂಟ್ ಮಾಡ್ತಾರೆ. ಹಾಗೆ ಆಯೋದಕ್ಕೆ ಅವರು ಹೇಳೋದೂ ‘ಸೆನ್’. ಅದೇ ಸೆನ್, ಅದೇ ಅಕ್ಷರ. ಸೆಯ್ಸನ್ ಅವರ ಗುರು ತಕಹಾಮಾ ಕ್ಯೋಶಿ, ಹೊತೊತೊಗಿಸು ಪತ್ರಿಕೆಯ ದೊಡ್ಡ ಯಜಮಾನರು, ಅವರ ಒಂದು ಮಾತು ಬಹಳ ಪ್ರಸಿದ್ಧ, ಆಯ್ಕೆ ಅಂದ್ರೆ ಅದೂ ಸೃಷ್ಟಿಯೇ ಅಂತ. ಅಂದ್ರೆ ಪದ್ಯ ಬರೆದೋನ ಕೆಲಸ ಎಷ್ಟೋ, ಸಾವಿರದಲ್ಲಿ ಅದನ್ನ ಗುರುತು ಹಿಡಿದೋನ ಕೆಲಸವೂ ಅಷ್ಟೇ.

1930ರಿಂದ ಸೆಯ್ಸನ್ ತಾವೇ ‘ನತ್ಸುಕುಸಾ’ ಅನ್ನೋ ಪತ್ರಿಕೆ ನಡೆಸಿದ್ರು. ಬೇಸಿಗೆ ಹುಲ್ಲು ಅಂತ ಅರ್ಥ. ಆ ಪದ ಕೇಳಿದ್ರೆ ಜಪಾನಿನ ಯಾರಿಗೇ ಆಗ್ಲಿ 17ನೇ ಶತಮಾನದ ದೊಡ್ಡ ಹೈಕು ಕವಿ ಬಾಶೊ ನೆನಪಾಗ್ತಾರೆ, ಬೇಸಿಗೆ ಹುಲ್ಲು, ಸೈನಿಕರ ಕನಸುಗಳಲ್ಲಿ ಉಳಿದಿದ್ದು ಇದೇ, ಅಂತ ಹಿರಾಯಿಝುಮಿಲಿ ನಿಂತು ಬರೆದ ಪದ್ಯ. ಹಿರಾಯಿಝುಮಿ ಇರೋದು ಸೆಯ್ಸನ್ ಅವರ ಇವಾತೆಯಲ್ಲೇ. ಹೀಗೆ ಹಗಲು ಕ್ಲಾಸಲ್ಲಿ ಅದಿರು ಆಯೋದು ಹೇಗೆ ಅಂತ ಪಾಠ, ಮನೆಗೆ ಬಂದು ಚಾಪೆ ಮೇಲೆ ಕೂತು ಪದ್ಯ ಆಯೋದು. ಎಷ್ಟೋ ದಶಕ.

ಆಯೋ ಕೆಲಸದಲ್ಲಿ ಒಂದು ಕಷ್ಟ ಇದೆ, ಪ್ಲಾಂಟಲ್ಲಿ ಕೆಲಸ ಮಾಡಿದೋರಿಗೆಲ್ಲ ಗೊತ್ತು. ನಾವು ಅದನ್ನ ಗ್ರೇಡು, ರಿಕವರಿ ಅಂತೀವಿ, ಗ್ರೇಡು ಅಂದ್ರೆ ಸಿಕ್ಕಿದ್ದು ಎಷ್ಟು ಶುದ್ಧ, ರಿಕವರಿ ಅಂದ್ರೆ ಇದ್ದಿದ್ದರಲ್ಲಿ ಎಷ್ಟು ಕೈಗೆ ಬಂತು ಅಂತ. ಸಿಕ್ಕ ಸರಕು ತುಂಬಾ ಶುದ್ಧ ಇರ್ಲಿ ಅಂತ ಬಿಗಿ ಮಾಡಿದ್ರೆ ಒಳ್ಳೇ ಅದಿರೂ ಕೊಚ್ಚೆ ಜೊತೆ ಟೇಲಿಂಗ್ಸ್ ಪಾಂಡಿಗೆ, ಅಂದ್ರೆ ಬೇಡದ್ದನ್ನ ಬಿಡೋ ಹೊಂಡಕ್ಕೆ ಹೋಗ್ಬಿಡತ್ತೆ, ಏನೂ ಹೋಗ್ಬಾರ್ದು ಅಂತ ಸಡಿಲ ಬಿಟ್ರೆ ಕಲ್ಲೂ ಬಂದ್ಬಿಡತ್ತೆ. ಹದ ಕಂಡ್ಕೊಳ್ಳೋದು ಅನುಭವದಿಂದಲೇ. ಹದಿನೇಳು ಮಾತ್ರೆಯ ಪದ್ಯಕ್ಕೂ ಇದೇ ಕಥೆ, ಎಲ್ಲ ತೆಗೆದು ತೆಗೆದು ಹಾಕಿದ್ರೆ ಕೊನೆಗೆ ಒಣ ಕಡ್ಡಿ ಉಳಿಯತ್ತೆ. ಸೆಯ್ಸನ್ ಪದ್ಯದಲ್ಲಿ ಒಣ ಕಡ್ಡಿ ಇಲ್ಲ. ಅದಕ್ಕೇ ನನಗೆ ಅವರು ಇಷ್ಟ.

ಇನ್ನೊಂದು ಆಯ್ಕೆ ಬಗ್ಗೆ ಹೇಳ್ಬೇಕು, ಅದು ಸಾಹಿತ್ಯ ಚರಿತ್ರೆಯಲ್ಲೇ ಸೇರ್ಕೊಂಡಿದೆ. 1922ರಲ್ಲಿ ಕ್ಯೋಶಿ ಸುತ್ತ ಟೋಕಿಯೊ ಯೂನಿವರ್ಸಿಟಿಯ ಒಂದು ಹೈಕು ಗುಂಪು ಶುರುವಾಯ್ತು, ಅದರಲ್ಲಿ ಮಿಝುಹಾರಾ ಶೂಓಶಿ ಇದ್ರು, ಅವರು ಹೆರಿಗೆ ಡಾಕ್ಟ್ರು, ತಕಾನೊ ಸುಜೂ ಇದ್ರು, ಮುಂದೆ ಮೆಡಿಕಲ್ ಕಾಲೇಜಲ್ಲಿ ಪ್ರೊಫೆಸರ್ ಆದೋರು, ಯಾಮಾಗುಚಿ ಸೆಯ್ಶಿ ಇದ್ರು, ಕಾನೂನು ಓದಿ ಸುಮಿತೊಮೊ ಕಂಪನಿ ಸೇರಿದೋರು. ಹೆಸರು ಒಂದೇ ಥರ ಇದೆ ಅಂತ ಗೊಂದಲ ಮಾಡ್ಕೋಬೇಡಿ, ಸೆಯ್ಶಿ ಬೇರೆ ಸೆಯ್ಸನ್ ಬೇರೆ. ಒಬ್ಬರೂ ಕವಿತೆಯಿಂದ ಹೊಟ್ಟೆ ಹೊರೆದೋರಲ್ಲ ನೋಡಿ.

1928ರಲ್ಲಿ ಸೆಯ್ಸನ್ ಒಂದು ಭಾಷಣ ಮಾಡಿದ್ರು, ಇವತ್ತು ನಾನು ನಿಂತಿರೋ ಹಾಗೇ ಜನರ ಮುಂದೆ ನಿಂತು, ಪೂರ್ವದಲ್ಲಿ ಇಬ್ಬರು ಎಸ್ ಇದಾರೆ, ಪಶ್ಚಿಮದಲ್ಲಿ ಇಬ್ಬರು ಎಸ್ ಇದಾರೆ ಅಂದ್ರು. ಪೂರ್ವ ಅಂದ್ರೆ ಟೋಕಿಯೊ ಕಡೆ ಶೂಓಶಿ, ಸುಜೂ. ಪಶ್ಚಿಮ ಅಂದ್ರೆ ಒಸಾಕಾ ಕಡೆ ಸೆಯ್ಶಿ, ಮತ್ತೆ ಆವಾನೊ ಸೆಯ್ಹೊ, ಇವರು ಬ್ಯಾಂಕಲ್ಲಿದ್ದೋರು. ನಾಲ್ಕೂ ಹೆಸರು ಇಂಗ್ಲಿಷಲ್ಲಿ ಎಸ್ ಅಕ್ಷರದಿಂದ ಶುರು. ಆವತ್ತಿಂದ ಇವತ್ತಿನವರೆಗೂ ಹೈಕು ಚರಿತ್ರೆ ಬರೆಯೋ ಪ್ರತಿಯೊಬ್ಬರೂ ಆ ಕಾಲಕ್ಕೆ ‘4 ಎಸ್’ ಕಾಲ ಅಂತಲೇ ಬರೀತಾರೆ.

ಈಗ ಯೋಚ್ನೆ ಮಾಡಿ, ಸೆಯ್ಸನ್ ಹೆಸರೂ ಎಸ್ ಇಂದಲೇ ಶುರುವಾಗೋದು! ತನ್ನನ್ನೂ ಸೇರಿಸ್ಕೊಂಡು 5 ಅಂದಿದ್ರೆ ಯಾರೂ ಬೇಡ ಅಂತಿರ್ಲಿಲ್ಲ. ಸೇರಿಸ್ಕೊಳ್ಳಲಿಲ್ಲ. ಆಯೋನು ಮೊರದ ಈಚೆ ಕಡೆ ಕೂರಬೇಕು, ಅವರು ಅಲ್ಲೇ ಕೂತ್ರು. ಈ ಒಂದು ವಿಷಯಕ್ಕೇ ನನಗೆ ಅವರ ಮೇಲೆ ತುಂಬಾ ಗೌರವ. ಆಮೇಲೆ ಆ ನಾಲ್ವರಲ್ಲಿ ಶೂಓಶಿ 1931ರಲ್ಲಿ ಕ್ಯೋಶಿ ಜೊತೆ ಭಿನ್ನಾಭಿಪ್ರಾಯ ಬಂದು ಹೊರಟೋದ್ರು, ಪ್ರಕೃತಿಯ ಸತ್ಯ ಬೇರೆ ಸಾಹಿತ್ಯದ ಸತ್ಯ ಬೇರೆ ಅಂತ ಲೇಖನ ಬರೆದೇ ಹೋದ್ರು, ಸ್ವಲ್ಪ ವರ್ಷಕ್ಕೆ ಸೆಯ್ಶಿನೂ ಹೋದ್ರು, ಹೊಸ ಹೈಕು ಚಳವಳಿಯೇ ಆಯ್ತು. ಸೆಯ್ಸನ್ ಮಾತ್ರ ಕ್ಯೋಶಿ ಹತ್ರಾನೇ ಉಳಿದ್ರು. ಚರಿತ್ರೆ ಪುಸ್ತಕಕ್ಕೆ ಹೊರಟು ಹೋದೋರೇ ಇಷ್ಟ, ಉಳಿದೋರಿಗೆ ಒಂದು ಪ್ಯಾರಾ ಸಿಕ್ರೆ ಹೆಚ್ಚು, ಅದು ನನಗೆ ಸರಿ ಅನ್ಸಲ್ಲ.

ಪದ್ಯಗಳಿಗೆ ಬರೋಣ. ಕ್ಯುಶುಲಿ ಸೊಬೊ ಅಂತ ಬೆಟ್ಟ, 1756 ಮೀಟರ್, ಅದರ ಪಕ್ಕ ಕತಾಮುಕು ಅಂತ ಇನ್ನೊಂದು. ಸೊಬೊ ಅಂದ್ರೆ ಅಜ್ಜಿ, ಕತಾಮುಕು ಅಂದ್ರೆ ವಾಲೋದು. ಆ ಬೆಟ್ಟಸಾಲು ಗಣಿಗಳ ಜಾಗ, ತವರ ತಾಮ್ರ ಎಲ್ಲ ತೆಗೀತಿದ್ರು. ಸೆಯ್ಸನ್ ಹೈಕು ಇಷ್ಟೇ: ಅಜ್ಜಿಬೆಟ್ಟಕ್ಕೂ ವಾಲುಬೆಟ್ಟಕ್ಕೂ ಸಂಜೆ ಮಳೆ. ಎರಡು ಬೆಟ್ಟದ ಹೆಸರು, ಒಂದು ಮಳೆ. ಬೆಟ್ಟ ಹೇಗಿದೆ ಅಂತ ವರ್ಣನೆ ಬೇಡ, ಹೆಸರೇ ಮಾಡ್ಬಿಡತ್ತೆ ಆ ಕೆಲಸ. ಮಲೆನಾಡಲ್ಲಿ ಬೆಳೆದೋರಿಗೆ ಗೊತ್ತು, ಎದುರಿಗಿನ ಗುಡ್ಡ ಮಾಯ ಆಯ್ತು ಅಂದ್ರೆ ಮಳೆ ಬಂತು ಅಂತ, ಪಕ್ಕದ ಗುಡ್ಡವೂ ಮಾಯ ಆಯ್ತು ಅಂದ್ರೆ ಬಟ್ಟೆ ಒಳಗೆ ತಗೋಬೇಕು ಅಂತ.

ಇನ್ನೊಂದು, ಇದು ನನ್ನ ಜೀವದ ಪದ್ಯ. ತಮಾಮುಶಿಯ ರೆಕ್ಕೆಯ ಹಸಿರು ಸುಯಿಕೊ ಕಾಲದಿಂದ. ತಮಾಮುಶಿ ಅಂದ್ರೆ ನಮ್ಮ ಜೀರ್ಜಿಂಬೆಯ ಸಂಬಂಧಿ, ಚಿಕ್ಕೋರಿದ್ದಾಗ ಬೆಂಕಿಪೊಟ್ಣದಲ್ಲಿ ಸೊಪ್ಪು ಹಾಕಿ ಸಾಕ್ತಿದ್ವಲ್ಲ, ಹಸಿರು ಮಿರಮಿರ ಅಂತ ಹೊಳೆಯೋ ಹುಳ, ಅದೇ ಕುಟುಂಬ. ಸುಯಿಕೊ ಅಂದ್ರೆ ಜಪಾನಿನ ಮಹಾರಾಣಿ, 592ರಿಂದ 628ರವರೆಗೆ ಆಳಿದೋರು. ನಾರಾ ಹತ್ರ ಹೋರ್ಯುಜಿ ದೇವಸ್ಥಾನದಲ್ಲಿ 7ನೇ ಶತಮಾನದ ಒಂದು ಮರದ ಪುಟ್ಟ ಗುಡಿ ಇದೆ, ಆಳೆತ್ತರಕ್ಕಿಂತ ಸ್ವಲ್ಪ ಜಾಸ್ತಿ, ಅದರ ಅಂಚಿಗೆಲ್ಲ ಲೋಹದ ಜಾಲರಿ ಕೆಳಗೆ ಈ ಹುಳದ ರೆಕ್ಕೆ ಜೋಡಿಸಿದ್ರು. ಬಹಳಷ್ಟು ಉದುರಿ ಹೋಗಿದೆ. ಆದ್ರೆ ಆ ಹಸಿರು ಮಾಸೋ ಹಸಿರಲ್ಲ, ಯಾಕಂದ್ರೆ ಅದು ಬಳಿದ ಬಣ್ಣ ಅಲ್ಲ, ರೆಕ್ಕೇಲಿ ಒಂದರ ಮೇಲೊಂದು ತೆಳು ಪದರ ಇದೆ, ಬೆಳಕು ಅದರಲ್ಲಿ ಹೊಕ್ಕು ವಾಪಸ್ ಬರೋವಾಗ ಹಸಿರಾಗಿ ಕಾಣತ್ತೆ, ಪದರ ಇರೋವರೆಗೂ ಬಣ್ಣ ಇರತ್ತೆ. ಪದ್ಯದಲ್ಲಿ ಈ ವಿಜ್ಞಾನ ಒಂದಕ್ಷರ ಇಲ್ಲ. ‘ಸುಯಿಕೊ ಕಾಲದಿಂದ’ ಅಂತ ಮಾತ್ರ ಇದೆ. ಈಗ ಇಲ್ಲಿ ಹಾರ್ತಿರೋ ಹುಳ, ಸಾವಿರದ ಮುನ್ನೂರು ವರ್ಷದ ಹಳೇ ಗುಡಿ, ಎರಡಕ್ಕೂ ಒಂದೇ ಹಸಿರು.

ಸೇವಂತಿಗೆ ಅರಳ್ತು, ತಾವೊ ಯುವಾನ್‌ಮಿಂಗನ ಸೇವಂತಿಗೆ ಅರಳ್ತು, ಅಂತ ಒಂದಿದೆ. ತಾವೊ ಹಳೇ ಚೀನೀ ಕವಿ, ಸರ್ಕಾರಿ ಕೆಲಸ ಬಿಸಾಕಿ ಹಳ್ಳಿಗೆ ಹೋಗಿ ಬೇಲಿ ಪಕ್ಕ ಸೇವಂತಿಗೆ ಬೆಳೆದೋನು. ಕವಿ ಅಂದ್ರೆ ಹಾಗೇ ಇರ್ಬೇಕು ಅಂತ ಸಾವಿರಕ್ಕೂ ಹೆಚ್ಚು ವರ್ಷದಿಂದ ಆ ಕಡೆಯೋರೆಲ್ಲ ಅಂದ್ಕೊಂಡಿದ್ರು. ಸೆಯ್ಸನ್ ಕೆಲಸ ಬಿಡ್ಲಿಲ್ಲ, ರಿಟೈರ್ ಆಗೋವರೆಗೂ ಕ್ಲಾಸಿಗೆ ಹೋದ್ರು, ಆದ್ರೂ ಅದೇ ಸೇವಂತಿಗೆ ಅವರಿಗೂ ಅರಳ್ತು. ಎರಡು ಸಲ ‘ಅರಳ್ತು’ ಅಂತಾರಲ್ಲ, ಆ ಎರಡನೇದ್ರಲ್ಲಿ ಎಷ್ಟು ಸಂತೋಷ ಇದೆ ಕೇಳಿ.

1937ರಿಂದ 39 ಬರ್ಲಿನ್‌ನಲ್ಲಿದ್ರು, ಓದೋಕೆ ಅಂತ ಕಳಿಸಿದ್ರು. ಹೈಕು ಕವಿಗೆ ಪರದೇಶ ಕಷ್ಟ, ಯಾಕಂದ್ರೆ ಸಂಪ್ರದಾಯದ ಹೈಕುಗೆ ಒಂದು ಋತುವಿನ ಪದ ಬೇಕು, ಆ ಪದಗಳೆಲ್ಲ ಜಪಾನಿನ ಮಳೆ ಚಳಿ ಹೂವಿನ ಲೆಕ್ಕ. ಆದ್ರೂ ಹೋದ ಕಡೆಯೆಲ್ಲ ಕಣ್ಣಿಗೆ ಬಿದ್ದಿದ್ದನ್ನ ಬರೆದ್ರು. ಚೀನಾದ ಯಾಂಗ್ಟ್ಸೆ ನದಿ ಮೇಲೆ ಒಂದಿದೆ, ದಡದಲ್ಲಿ ಪುಟ್ಟ ದಂಡೇಲಿಯನ್ ಹೂವು, ನದಿ ಯಾವತ್ತಿಂದ್ಲೂ ಯಾವತ್ತಿಗೂ ಕದಡು. ಇಷ್ಟು ಸಣ್ಣದನ್ನ ಅಷ್ಟು ದೊಡ್ಡದರ ಪಕ್ಕ ಇಟ್ಟು ಸುಮ್ನಾಗೋಕೆ ಧೈರ್ಯ ಬೇಕು.

ಇಷ್ಟೆಲ್ಲ ಆಯ್ಕೆ ಆಯ್ಕೆ ಅಂತ ಹೇಳಿದ್ನಲ್ಲ, ಈಗ ಅವರ ಮನೆಗೆ ಹೋಗೋಣ. ಟೋಕಿಯೊದ ಸುಗಿನಾಮಿಲಿ ಮನೆ, ಸುತ್ತ ತೋಟ. ತೋಟದ ಹೆಸರು ಝಸ್ಸೋಎನ್. ಝಸ್ಸೊ ಅಂದ್ರೆ ಕಳೆ! ಕಳೆಗಿಡಗಳ ತೋಟ. 1934ರ ಅವರ ಮೊದಲ ಹೈಕು ಸಂಕಲನಕ್ಕೂ ಅದೇ ಹೆಸರು. ಹಗಲೆಲ್ಲ ಬೇಕಾದ್ದು ಬೇಡದ್ದು ಅಂತ ಬೇರೆ ಮಾಡೋದನ್ನ ಕಲಿಸೋ ಮನುಷ್ಯ, ರಾತ್ರಿ ಸಾವಿರ ಪದ್ಯದಲ್ಲಿ ಹತ್ತು ಉಳಿಸೋ ಮನುಷ್ಯ, ಸ್ವಂತ ಅಂಗಳದಲ್ಲಿ ಮಾತ್ರ ಕಳೆಗೆ ಜಾಗ ಕೊಟ್ಟಿದ್ದ. ಇದನ್ನ ಓದಿದಾಗ ನನಗೆ ನಮ್ಮ ಪ್ಲಾಂಟಿನ ಹಿಂದಿನ ಟೇಲಿಂಗ್ಸ್ ಗುಡ್ಡ ನೆನಪಾಯ್ತು, ನಾವು ಬೇಡ ಅಂತ ಬಿಸಾಕಿದ್ದರ ಮೇಲೆ ಮಳೆಗಾಲದಲ್ಲಿ ಏನೇನೋ ಹುಲ್ಲು ಹುಟ್ಟಿ ಹೂ ಬಿಡ್ತಿತ್ತು, ಅದರ ಹೆಸರು ನಮಗ್ಯಾರಿಗೂ ಗೊತ್ತಿರ್ಲಿಲ್ಲ, ಕೇಳೋಣ ಅಂತ ಅನ್ನಿಸಿರಲೂ ಇಲ್ಲ.

ಶಿಷ್ಯರೂ ಹಾಗೇ, ಎಲ್ಲಾ ಥರದೋರು. ಅರಿಮಾ ಅಕಿತೊ ಪರಮಾಣು ಭೌತವಿಜ್ಞಾನಿ, ಆಮೇಲೆ ಟೋಕಿಯೊ ಯೂನಿವರ್ಸಿಟಿಗೇ ಅಧ್ಯಕ್ಷರಾದ್ರು, 1998ರಲ್ಲಿ ಶಿಕ್ಷಣ ಮಂತ್ರಿ ಆದ್ರು, ಹೈಕು ಬಿಡ್ಲಿಲ್ಲ. ಫುಕಾಮಿ ಕೆಂಜಿ ಲೋಹಶಾಸ್ತ್ರ ಓದಿದೋರು. ಕುರೊದಾ ಮೊಮೊಕೊ ಕಾಲೇಜು ಹುಡುಗಿಯಾಗಿದ್ದಾಗ ಸೆಯ್ಸನ್ ಹತ್ರ ಹೈಕು ಕಲಿತು, ಜಾಹೀರಾತು ಕಂಪನಿ ಕೆಲಸಕ್ಕೆ ಸೇರಿ ವರ್ಷಗಟ್ಟಲೆ ಬರೆಯೋದೇ ನಿಲ್ಲಿಸಿ, ಮತ್ತೆ ಬಂದು ಬಾಗಿಲು ತಟ್ಟಿದ್ರು, ಮೇಷ್ಟ್ರು ಸೇರಿಸ್ಕೊಂಡ್ರು. ಮುಂದೆ ಆಕೆ ಜಪಾನಿನ ದೊಡ್ಡ ಕವಯಿತ್ರಿ ಆದ್ರು. ಆಗ ಹೇಳಿದ್ನಲ್ಲ ರಿಕವರಿ ಅಂತ, ಇದು ಅದು.

ಸೆಯ್ಸನ್ 1988ರ ಡಿಸೆಂಬರಲ್ಲಿ ಹೋದ್ರು, 96 ವರ್ಷ. ನತ್ಸುಕುಸಾ ಪತ್ರಿಕೆನ ಶಿಷ್ಯರು 1991ಕ್ಕೆ ನಿಲ್ಲಿಸಿದ್ರು, ಒಬ್ಬೊಬ್ಬರು ತಮ್ಮದೇ ಪತ್ರಿಕೆ ಮಾಡ್ಕೊಂಡ್ರು. ಸುಗಿನಾಮಿಯ ಮನೆಯನ್ನ ಬಿಚ್ಚಿ ಅವರ ಹುಟ್ಟು ಪ್ರಾಂತ್ಯ ಇವಾತೆಯ ಕಿತಾಕಾಮಿ ಊರಿಗೆ ತಗೊಂಡ್ ಹೋಗಿ ಅಲ್ಲಿನ ಆಧುನಿಕ ಕಾವ್ಯದ ಮ್ಯೂಸಿಯಂ ಹತ್ರ ಮತ್ತೆ ಕಟ್ಟಿದಾರೆ, ಈಗ್ಲೂ ಇದೆ.

ಮಾತು ಮುಗಿದ್ಮೇಲೆ ಕೊನೇಲಿ ಒಬ್ಬ ಹುಡುಗ, ಇಂಜಿನಿಯರಿಂಗ್ ಮೂರನೇ ವರ್ಷ ಅಂತೆ, ಎದ್ದು ನಿಂತು ಕೇಳ್ದ, ‘ಸರ್, ಅವರಿಗೆ ಎರಡರಲ್ಲಿ ಯಾವುದು ಜಾಸ್ತಿ ಇಷ್ಟ ಇತ್ತು?’ ಅಂತ. ನಾನು ಉತ್ತರ ಹೇಳೋ ಬದಲು ಇನ್ನೊಂದು ಹೈಕು ಹೇಳ್ದೆ. ರಾತ್ರಿ ಮೂಲೇಲಿ ಕೂತು ಕಿರ್ರ್ ಅಂತ ಕೂಗತ್ತಲ್ಲ ಕಪ್ಪು ಮಿಡತೆ ಥರದ ಹುಳ, ಜಪಾನಿ ಕವಿಗಳೆಲ್ಲ ನೂರಾರು ವರ್ಷ ಅದರ ದನಿ ಬಗ್ಗೆನೇ ಬರೆದ್ರು. ಸೆಯ್ಸನ್ ಬಗ್ಗಿ ಅದರ ಮುಖ ನೋಡಿದ್ರು.

ನೋಡಿ ಈ ಹುಳದ
ಹಿಡಿದ ಹಟ ಬಿಡದ
ಮುಖಾನ

ಹುಡುಗ ನಕ್ಕು ಕೂತ್ಕೊಂಡ, ಆಮೇಲೆ ಕಾಫಿ ಕುಡೀವಾಗ ಹತ್ರ ಬಂದು ಆ ಪದ್ಯ ಇನ್ನೊಂದ್ಸಲ ಹೇಳಿಸ್ಕೊಂಡು ಮೊಬೈಲಲ್ಲಿ ಬರ್ಕೊಂಡ.